ಕಾಣದ ಬೆಳಕು ಹೇಳಿದ ನಕ್ಷತ್ರದ ಸುದ್ದಿ

ನಕ್ಷತ್ರಗಳು ಅನಿಲ ಮತ್ತು ಧೂಳು ತುಂಬಿದ ದೊಡ್ಡ ಮೋಡಗಳಲ್ಲಿ ಹುಟ್ಟುತ್ತವೆ. ಚಳಿಗಾಲದಲ್ಲಿ ಕಾಣುವ ಮಹಾವ್ಯಾಧ ನಕ್ಷತ್ರಪುಂಜದಲ್ಲಿ, ಸಾಲಾಗಿ ನಿಂತ ಮೂರು ನಕ್ಷತ್ರಗಳ ಹತ್ತಿರ, ಮಸುಕು ಚುಕ್ಕೆಯಂತೆ ಇಂಥ ಒಂದು ಮೋಡ ಇದೆ. ಆದರೆ ಈಗ ತಾನೇ ಹುಟ್ಟುತ್ತಿರುವ ನಕ್ಷತ್ರವನ್ನು ಧೂಳು ಮುಚ್ಚಿಕೊಂಡಿರುತ್ತದೆ. ಅದರ ಬೆಳಕು ಹೊರಗೆ ಬರಲ್ಲ. ಹಾಗಾದರೆ ಒಳಗೆ ನಕ್ಷತ್ರ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಅವಕೆಂಪು ಕಿರಣ ಎಂದರೇನು?

ರೊಟ್ಟಿ ಹೆಂಚನ್ನು ಒಲೆಯಿಂದ ಇಳಿಸಿದ ಮೇಲೆ ಅದು ಕಪ್ಪಗೇ ಕಾಣುತ್ತೆ. ಆದರೂ ಪಕ್ಕದಲ್ಲಿ ಕೈ ಹಿಡಿದರೆ ಬಿಸಿ ತಾಗುತ್ತೆ. ಹೆಂಚಿನಿಂದ ಬರುವ, ಕಣ್ಣಿಗೆ ಕಾಣದ ಆ ಬೆಳಕೇ ಅವಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿದರು. ಕೆಂಪು ಬಣ್ಣದ ಆಚೆಗೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟರು. ಅಲ್ಲಿಯೂ ಉಷ್ಣತೆ ಏರಿತು! ಹೀಗೆ ಈ ಕಿರಣ ಪತ್ತೆಯಾಯಿತು.

ಮೋಡದೊಳಗೆ ನಡೆಯುವುದೇನು?

ನಕ್ಷತ್ರದ ಬೆಳಕನ್ನು ಧೂಳು ಹೀರಿಕೊಂಡು ಬಿಸಿಯಾಗುತ್ತದೆ. ಬಿಸಿ ಧೂಳು ಹೆಂಚಿನ ಹಾಗೆ ಅವಕೆಂಪು ಕಿರಣ ಬಿಡುತ್ತದೆ. ಅಲ್ಲೇ ಮೆಥನಾಲ್ ಅಣುಗಳಿವೆ. ಒಂದು ಅಣುವಿನಲ್ಲಿ 1 ಕಾರ್ಬನ್, 4 ಹೈಡ್ರೋಜನ್, 1 ಆಕ್ಸಿಜನ್ ಸೇರಿ 6 ಪರಮಾಣು ಇರುತ್ತವೆ.

ಅಣುವಿನ ಶಕ್ತಿ ಮೆಟ್ಟಿಲಿದ್ದಂತೆ. ಮೆಟ್ಟಿಲ ಮೇಲೆ ನಿಲ್ಲಬಹುದು, ಎರಡು ಮೆಟ್ಟಿಲ ನಡುವೆ ನಿಲ್ಲೋಕಾಗಲ್ಲ. ಅವಕೆಂಪು ಕಿರಣವನ್ನು ಹೀರಿದ ಅಣು ಮೇಲಿನ ಮೆಟ್ಟಿಲಿಗೆ ಏರುತ್ತದೆ. ಇದೇ ಉದ್ರಿಕ್ತ ಸ್ಥಿತಿ. ಮತ್ತೆ ಇಳಿದು ಬರುವಾಗ ಬಹಳ ಅಣುಗಳು ಒಂದೇ ಮೆಟ್ಟಿಲಲ್ಲಿ ಗುಂಪಾಗಿ ನಿಂತುಬಿಡುತ್ತವೆ. ಅದಕ್ಕೆ ಹೊಂದುವ ಒಂದು ರೇಡಿಯೋ ಅಲೆ ಹಾದುಹೋದರೆ ಸಾಕು, ಅವು ಕೆಳಗಿಳಿಯುತ್ತಾ ಅಂಥದೇ ಅಲೆಯನ್ನು ಅದಕ್ಕೆ ಕೂಡಿಸುತ್ತವೆ. ಅಲೆ ಬಲವಾಗುತ್ತದೆ. ಇದಕ್ಕೆ ಮೇಸರ್ ಎನ್ನುತ್ತಾರೆ. ಮೆಥನಾಲ್‌ನ ಇಂಥ ಒಂದು ಅಲೆಯ ಉದ್ದ ಸುಮಾರು 4.5 ಸೆಂ.ಮೀ. ಧೂಳು ಅದನ್ನು ತಡೆಯಲಾರದು. ಅದು ಭೂಮಿಯ ರೇಡಿಯೋ ದೂರದರ್ಶಕಕ್ಕೆ ಬಂದು ತಲುಪುತ್ತದೆ.

ಇದಕ್ಕೆ ಸಾಕ್ಷಿ ಏನು?

ಎಸ್ 255 ಎಂಬ ಮೋಡ ನಮ್ಮಿಂದ ಸುಮಾರು 6,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದರೊಳಗೆ ಸೂರ್ಯನ ಸುಮಾರು 20 ಪಟ್ಟು ತೂಕದ ಎಳೆಯ ನಕ್ಷತ್ರ ಇದೆ. 2015ರಲ್ಲಿ ಅಲ್ಲಿನ ಮೆಥನಾಲ್ ಮೇಸರ್ ಇದ್ದಕ್ಕಿದ್ದಂತೆ ಜೋರಾದದ್ದನ್ನು ಜಪಾನಿನ ವಿಜ್ಞಾನಿಗಳು ಗಮನಿಸಿದರು. ಅವಕೆಂಪು ದೂರದರ್ಶಕಗಳಲ್ಲಿ ನೋಡಿದಾಗ ಆ ಬೆಳಕೂ ಹೆಚ್ಚಾಗಿತ್ತು! ನಕ್ಷತ್ರದ ಮೇಲೆ ಒಮ್ಮೆಲೇ ಬಹಳ ಅನಿಲ ಬಿದ್ದು ಅದು ಪ್ರಜ್ವಲಿಸಿತ್ತು. ಅವಕೆಂಪು ಹೆಚ್ಚಿದರೆ ಮೇಸರ್ ಕೂಡ ಹೆಚ್ಚುತ್ತೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಪ್ರಶ್ನೆ: ಎಸ್ 255ರ ಈ ಘಟನೆ ನಮಗೆ ಕಂಡದ್ದು 2015ರಲ್ಲಿ. ಅದು ನಿಜವಾಗಿ ನಡೆದು ಎಷ್ಟು ವರ್ಷ ಆಗಿರಬಹುದು? ಲೆಕ್ಕ ಹಾಕಿ ಹೇಳಿ.

– 7ನೇ ತರಗತಿ