ನಲವತ್ತು ಮಂದಿಯ ಧರ್ಮಕೇಂದ್ರ



ಓದಿಗೋ ಉದ್ಯೋಗಕ್ಕೋ ಅಮೆರಿಕಕ್ಕೆ ಹೋದ ನಮ್ಮ ಮಕ್ಕಳು ಅಲ್ಲಿಂದ ಫೋನು ಮಾಡಿದಾಗ ತಂದೆತಾಯಿಗಳನ್ನು ಕೇಳುವ ಪ್ರಶ್ನೆಯೊಂದುಂಟು: "ನಮ್ಮ ಮನೆಯ ಹತ್ತಿರ ಎಪಿಸ್ಕೋಪಲ್ ಚರ್ಚು ಇದೆ. ಬಲಿಪೀಠವಿದೆ, ಮೇಣದ ಬತ್ತಿಗಳಿವೆ, ಗುರುಗಳು ಪೂಜಾವಸ್ತ್ರ ಧರಿಸುತ್ತಾರೆ, ಪ್ರಾರ್ಥನೆಯೂ ನಮ್ಮದರ ಹಾಗೇ ಇದೆ. ಭಾನುವಾರ ಅಲ್ಲಿಗೆ ಹೋದರೆ ಆಗುವುದಿಲ್ಲವೇ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಮಗುವಿಗೆ ಉತ್ತರ ಸಿಗುತ್ತದೆ, ತಿಳುವಳಿಕೆ ಸಿಗುವುದಿಲ್ಲ. ಆದುದರಿಂದ ಈ ಸಭೆಯವರು ಯಾರು, ಹೇಗೆ ಆರಾಧಿಸುತ್ತಾರೆ, ಹೇಗೆ ಕೂಡಿ ಬಾಳುತ್ತಾರೆ ಎಂಬುದನ್ನು ಮೊದಲು ನೋಡೋಣ.

ಹೆಸರಿನ ಹಿನ್ನೆಲೆ

'ಎಪಿಸ್ಕೊಪೋಸ್' ಎಂಬ ಗ್ರೀಕ್ ಪದಕ್ಕೆ ಮೇಲ್ವಿಚಾರಕ ಎಂದರ್ಥ. ಬಿಷಪ್ ಎಂಬ ಮಾತು ಹುಟ್ಟಿದ್ದೂ ಅದರಿಂದಲೇ. ಎಪಿಸ್ಕೋಪಲ್ ಸಭೆ ಎಂದರೆ ಧರ್ಮಾಧ್ಯಕ್ಷರಿರುವ ಸಭೆ. ಇದರ ಮೂಲ ಇಂಗ್ಲೆಂಡಿನ ಆಂಗ್ಲಿಕನ್ ಸಭೆ. ಅಮೆರಿಕ 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಅಲ್ಲಿನ ಆಂಗ್ಲಿಕನರು ಇಕ್ಕಟ್ಟಿಗೆ ಸಿಲುಕಿದರು. ಇಂಗ್ಲೆಂಡಿನಲ್ಲಿ ಬಿಷಪ್ ಅಭಿಷೇಕ ಪಡೆಯಬೇಕಾದರೆ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಹೊಸ ದೇಶದ ಪ್ರಜೆ ಅದನ್ನು ಮಾಡುವುದು ಹೇಗೆ? ಕೊನೆಗೆ ಸ್ಯಾಮ್ಯುಯೆಲ್ ಸೀಬರಿ ಎಂಬವರು ಸ್ಕಾಟ್ಲೆಂಡಿಗೆ ಹೋಗಿ, 1784ರ ನವೆಂಬರ್ 14ರಂದು ಅಬರ್ಡೀನ್ ನಗರದಲ್ಲಿ ಅಲ್ಲಿನ ಎಪಿಸ್ಕೋಪಲ್ ಬಿಷಪರಿಂದ ಅಭಿಷೇಕ ಪಡೆದು ಬಂದರು. 1789ರಲ್ಲಿ ಅಮೆರಿಕದ ಸಭೆಗೆ ತನ್ನದೇ ಸಂವಿಧಾನವೂ ಪ್ರಾರ್ಥನಾ ಗ್ರಂಥವೂ ದೊರೆತವು.

ನಮ್ಮ ನೆರೆಹೊರೆಯ ಸಿ.ಎಸ್.ಐ. ಸಭೆಗೂ ಇವರಿಗೂ ನಂಟಿದೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಆಂಗ್ಲಿಕನರು ಇತರ ಕೆಲವು ಪ್ರೊಟೆಸ್ಟೆಂಟ್ ಸಭೆಗಳೊಡನೆ ಸೇರಿ ಸಿ.ಎಸ್.ಐ. ಆಯಿತು. ಅದು ಇಂದು ಎಪಿಸ್ಕೋಪಲ್ ಸಭೆಯಂತೆಯೇ ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯ ಸಭೆ.

ಭಾನುವಾರದ ಆರಾಧನೆ

ಇಂಗ್ಲೆಂಡಿನಲ್ಲಿ 1549ರಲ್ಲಿ ಥಾಮಸ್ ಕ್ರಾನ್ಮರ್ ಸಿದ್ಧಪಡಿಸಿದ ಸಾಮಾನ್ಯ ಪ್ರಾರ್ಥನಾ ಗ್ರಂಥ ಆಂಗ್ಲಿಕನರ ಬಾಳಿನ ಬೆನ್ನೆಲುಬು. ಗುರುಗಳ ಕೈಯಲ್ಲಿರುವ ಗ್ರಂಥವೇ ಜನರ ಕೈಯಲ್ಲೂ ಇರಬೇಕು, ಜನರ ಭಾಷೆಯಲ್ಲಿರಬೇಕು ಎಂಬುದು ಅದರ ಉದ್ದೇಶ. ಅಮೆರಿಕದಲ್ಲಿ ಈಗ ಬಳಕೆಯಲ್ಲಿರುವುದು 1979ರ ಆವೃತ್ತಿ. ಅದಕ್ಕೆ ಮುಂಚೆ ಅನೇಕ ಧರ್ಮಕೇಂದ್ರಗಳಲ್ಲಿ ಭಾನುವಾರದ ಮುಖ್ಯ ಆರಾಧನೆ ಎಂದರೆ ಪ್ರಾತಃಕಾಲದ ಪ್ರಾರ್ಥನೆ, ಪ್ರಭುಭೋಜನ ತಿಂಗಳಿಗೊಮ್ಮೆ. 1979ರ ಗ್ರಂಥ ಪ್ರಭುಭೋಜನವನ್ನೇ ಪ್ರಭುವಿನ ದಿನದ ಮುಖ್ಯ ಆರಾಧನೆಯನ್ನಾಗಿ ಮಾಡಿತು.

ಅವರ ಆರಾಧನೆಯ ಕ್ರಮ ನಮಗೆ ಪರಿಚಿತ. ವಾಚನಗಳು, ಕೀರ್ತನೆ, ಶುಭಸಂದೇಶ, ಪ್ರಬೋಧನೆ, ವಿಶ್ವಾಸ ಪ್ರಮಾಣ, ವಿಶ್ವಾಸಿಗಳ ಪ್ರಾರ್ಥನೆ. ನಾವು ಪೂಜೆಯ ಮೊದಲಲ್ಲೇ ಮಾಡುವ ಪಾಪನಿವೇದನೆಯನ್ನು ಅವರು ಸಾಮಾನ್ಯವಾಗಿ ವಿಶ್ವಾಸಿಗಳ ಪ್ರಾರ್ಥನೆಯ ನಂತರ ಮಾಡಿ, ಪರಸ್ಪರ ಶಾಂತಿಯನ್ನು ಹಂಚಿಕೊಂಡು ಬಲಿಪೀಠದತ್ತ ತಿರುಗುತ್ತಾರೆ. ಅನೇಕ ಗುಡಿಗಳಲ್ಲಿ ಜನ ಕಟಾಂಜನದ ಬಳಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ಎರಡನ್ನೂ ಸ್ವೀಕರಿಸುತ್ತಾರೆ.

ಈ ಹೋಲಿಕೆ ಆಕಸ್ಮಿಕವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಎರಡೂ ಕಡೆಯ ವಿದ್ವಾಂಸರು ಆದಿಸಭೆಯ ಪ್ರಾರ್ಥನೆಗಳನ್ನು ಅಭ್ಯಸಿಸಿದರು. ನಮ್ಮ ನಾಲ್ಕನೆಯ ಸ್ತೋತ್ರ ಪ್ರಾರ್ಥನೆಯ ಹಿಂದೆಯೂ ಅವರ ಗ್ರಂಥದ ಒಂದು ಪ್ರಾರ್ಥನೆಯ ಹಿಂದೆಯೂ ಸಂತ ಬೇಸಿಲರ ಹೆಸರಿನ ಪ್ರಾಚೀನ ಪೂರ್ವ ಸಂಪ್ರದಾಯದ ಪ್ರಾರ್ಥನೆಯಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ನಮ್ಮ ಧರ್ಮಸಭೆ ಮೂರು ವರ್ಷಗಳ ವಾಚನಕ್ರಮವನ್ನು ಹೊರತಂದಾಗ ಇತರ ಸಭೆಗಳವರು ಅದನ್ನು ಮೆಚ್ಚಿ ತಮ್ಮದನ್ನಾಗಿ ಹೊಂದಿಸಿಕೊಂಡರು. ಎಪಿಸ್ಕೋಪಲ್ ಸಭೆ ಅನುಸರಿಸುವ ವಾಚನಕ್ರಮ ಅದರ ಮಗಳೇ ಸರಿ. ಆದುದರಿಂದ ಎಷ್ಟೋ ಭಾನುವಾರ ನಾವು ಇಲ್ಲಿ ಕೇಳುವ ಶುಭಸಂದೇಶವನ್ನೇ ಅವರು ಅಲ್ಲಿ ಕೇಳುತ್ತಾರೆ.

ಎಲ್ಲರಿಗೂ ಒಂದೊಂದು ಕೆಲಸ

ಎಪಿಸ್ಕೋಪಲ್ ಸಭೆಗೆ ಅಮೆರಿಕದಲ್ಲಿ ದೊಡ್ಡ ಕಥೀಡ್ರಲುಗಳಿವೆ. ಆದರೆ ಅದರ ಅರ್ಧಕ್ಕಿಂತ ಹೆಚ್ಚು ಧರ್ಮಕೇಂದ್ರಗಳಲ್ಲಿ ಭಾನುವಾರ ನೂರು ಜನವೂ ಸೇರುವುದಿಲ್ಲ. ಮೂವತ್ತು, ನಲವತ್ತು ಜನರ ಧರ್ಮಕೇಂದ್ರ ಅಲ್ಲಿ ತೀರಾ ಸಾಮಾನ್ಯ. ಇಂಥ ಕಡೆ ಹಿಂದಿನ ಬೆಂಚಿನಲ್ಲಿ ಅಡಗಿ ಕೂರಲು ಜಾಗವಿಲ್ಲ. ಒಬ್ಬರು ವಾಚನ ಓದಬೇಕು, ಇನ್ನೊಬ್ಬರು ಆರ್ಗನ್ ನುಡಿಸಬೇಕು, ಮತ್ತೊಬ್ಬರು ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳಬೇಕು. 'ಆಲ್ಟರ್ ಗಿಲ್ಡ್' ಎಂಬ ಬಳಗದವರು ಶನಿವಾರವೇ ಬಂದು ಪೂಜಾಪಾತ್ರೆಗಳನ್ನು ತೊಳೆದು, ಬಟ್ಟೆಗಳನ್ನು ಇಸ್ತ್ರಿ ಮಾಡಿ, ಹೂವಿಡುತ್ತಾರೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಊರಿನ ರೋಗಿಗಳನ್ನು ಹೆಸರು ಹಿಡಿದು ನೆನೆಯುತ್ತಾರೆ. ಆ ಹೆಸರು ಯಾರದೆಂದು ಅಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ. ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಕಾಫಿ. ಯಾರು ಬಂದಿಲ್ಲ, ಏಕೆ ಬಂದಿಲ್ಲ ಎಂಬ ವಿಚಾರಣೆ ನಡೆಯುವುದು ಅಲ್ಲೇ.

ಆಡಳಿತದಲ್ಲಿಯೂ ಜನರ ಕೈ ದೊಡ್ಡದು. ವರ್ಷಕ್ಕೊಮ್ಮೆ ಸೇರುವ ಮಹಾಸಭೆಯಲ್ಲಿ 'ವೆಸ್ಟ್ರಿ' ಎಂಬ ಸಮಿತಿಯನ್ನು ಆರಿಸುತ್ತಾರೆ. ಕಟ್ಟಡ, ಹಣಕಾಸು ಅದರ ಹೊಣೆ. ಗುರುಗಳ ಸ್ಥಾನ ತೆರವಾದಾಗ ಬಿಷಪರೊಡನೆ ಸಮಾಲೋಚಿಸಿ ಹೊಸಬರನ್ನು ಆರಿಸಿ ಕರೆಯುವುದೂ ಅದೇ. ಮುಂದಿನ ವರ್ಷಕ್ಕೆ ತಾವು ಎಷ್ಟು ಕೊಡುತ್ತೇವೆಂದು ಪ್ರತಿ ಕುಟುಂಬ ಮುಂಚೆಯೇ ಬರೆದು ಕೊಡುತ್ತದೆ. ಅದನ್ನು ನೋಡಿ ಆಯವ್ಯಯ ಸಿದ್ಧವಾಗುತ್ತದೆ.

ಚಿಕ್ಕದರ ಕಷ್ಟ

ಇದನ್ನೆಲ್ಲ ಓದಿ, ಚಿಕ್ಕದಾದದ್ದೆಲ್ಲ ಚೆಂದ ಎಂದುಕೊಳ್ಳಬೇಡಿ. ನಲವತ್ತು ಜನರ ಕಾಣಿಕೆಯಲ್ಲಿ ಪೂರ್ಣಾವಧಿಯ ಗುರುಗಳನ್ನು ಸಾಕುವುದು ಕಷ್ಟ. ಹಳೆಯ ಗುಡಿಯ ಛಾವಣಿ ಸೋರುತ್ತದೆ. ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡಲು ಹಣ ಬೇಕು. ಎರಡು ಮೂರು ಧರ್ಮಕೇಂದ್ರಗಳು ಸೇರಿ ಒಬ್ಬ ಗುರುಗಳನ್ನು ಹಂಚಿಕೊಳ್ಳುತ್ತವೆ. ಗುರುಗಳಿಲ್ಲದ ಭಾನುವಾರ ಅನುಮತಿ ಪಡೆದ ಶ್ರೀಸಾಮಾನ್ಯರೊಬ್ಬರು ಪ್ರಾತಃಕಾಲದ ಪ್ರಾರ್ಥನೆ ನಡೆಸುತ್ತಾರೆ. ಕೆಲವೆಡೆ ಕೊನೆಗೆ ಬಾಗಿಲು ಮುಚ್ಚಲೇಬೇಕಾಗುತ್ತದೆ. ಗುಡಿಯನ್ನು ಪವಿತ್ರ ಬಳಕೆಯಿಂದ ಬಿಟ್ಟುಕೊಡುವುದಕ್ಕೂ ಅವರಲ್ಲಿ ಒಂದು ಪ್ರಾರ್ಥನಾವಿಧಿ ಇದೆ ಎಂದರೆ ಆ ನೋವು ಎಷ್ಟು ಪರಿಚಿತ ಎಂಬುದನ್ನು ಊಹಿಸಬಹುದು.

ಇನ್ನೊಂದು ಕಷ್ಟ ಒಳಗಿನದು. ಆರ್ಲಿನ್ ರಾತೌಜ್ ಎಂಬ ಎಪಿಸ್ಕೋಪಲ್ ಗುರುಗಳು 1980ರ ದಶಕದಲ್ಲಿ ಸಭೆಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಬರೆದರು. ಸುಮಾರು ಐವತ್ತು ಜನರವರೆಗಿನ ಸಭೆಯನ್ನು ಅವರು 'ಕುಟುಂಬ ಸಭೆ' ಎಂದು ಕರೆದರು. ಅಲ್ಲಿ ನಿಜವಾದ ಅಧಿಕಾರ ಇರುವುದು ಗುರುಗಳ ಕೈಯಲ್ಲಿ ಅಲ್ಲ, ಮನೆತನದ ಯಜಮಾನ, ಯಜಮಾನಿಯಂತಿರುವ ಒಬ್ಬಿಬ್ಬರ ಕೈಯಲ್ಲಿ. ಅವರ ಪ್ರೀತಿಯಿಂದ ಸಭೆ ಉಳಿಯುತ್ತದೆ. ಅವರ ಹಟದಿಂದ ಹೊಸಬರು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಕುಟುಂಬದಂತಿರುವ ಸಭೆಗೆ ಕುಟುಂಬದ ಗುಣವೂ ಉಂಟು, ಕುಟುಂಬದ ರೋಗವೂ ಉಂಟು.

ಹಾಗಾದರೆ ಹೋಗಬಹುದೇ?

ಅವರ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆ ಮಾನ್ಯ ಮಾಡುತ್ತದೆ. ಆದ್ದರಿಂದ ಅವರು ಪರಕೀಯರಲ್ಲ, ಕ್ರಿಸ್ತರಲ್ಲಿ ನಮ್ಮ ಸಹೋದರ ಸಹೋದರಿಯರು. ಕ್ರೈಸ್ತೈಕ್ಯವನ್ನು ಕುರಿತ ಮಹಾಸಭೆಯ 1964ರ ಆಜ್ಞಾಪತ್ರ, ಕಥೋಲಿಕ ಪರಂಪರೆಯನ್ನು ಭಾಗಶಃ ಉಳಿಸಿಕೊಂಡಿರುವ ಸಭೆಗಳಲ್ಲಿ ಆಂಗ್ಲಿಕನರಿಗೆ ವಿಶೇಷ ಸ್ಥಾನವಿದೆ ಎಂದು ಗುರುತಿಸುತ್ತದೆ. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ರೋಮಿನಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಮೈಕಲ್ ರಾಮ್ಸಿಯವರ ಬೆರಳಿಗೆ ತಮ್ಮದೇ ಉಂಗುರವನ್ನು ತೊಡಿಸಿದರು.

ಆದರೆ ಪೂರ್ಣ ಐಕ್ಯ ಇನ್ನೂ ಬಂದಿಲ್ಲ. ಆಂಗ್ಲಿಕನ್ ಯಾಜಕಾಭಿಷೇಕ ಸಿಂಧುವಲ್ಲ ಎಂದು 1896ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ತೀರ್ಪಿತ್ತರು. ಎಪಿಸ್ಕೋಪಲ್ ಸಭೆ 1976ರಲ್ಲಿ ಮಹಿಳೆಯರಿಗೂ ಯಾಜಕಾಭಿಷೇಕ ನೀಡಲು ನಿರ್ಧರಿಸಿದ್ದರಿಂದ ಅಂತರ ಇನ್ನಷ್ಟು ಹೆಚ್ಚಿತು. ದೀಕ್ಷಾಸ್ನಾನ ಪಡೆದ ಯಾರೇ ಬಂದರೂ ಅವರು ತಮ್ಮ ಪ್ರಭುಭೋಜನಕ್ಕೆ ಆದರದಿಂದ ಕರೆಯುತ್ತಾರೆ. ಆದರೂ ಕಥೋಲಿಕರಾದ ನಾವು ಅದನ್ನು ಸ್ವೀಕರಿಸುವಂತಿಲ್ಲ. ಇದು ತಿರಸ್ಕಾರವಲ್ಲ. ಪರಮಪ್ರಸಾದ ನಮಗೆ ಪೂರ್ಣ ಐಕ್ಯದ ಗುರುತು. ಇಲ್ಲದ ಐಕ್ಯವನ್ನು ಇದೆಯೆಂದು ತೋರಿಸುವುದು ಸತ್ಯಕ್ಕೆ ಸಲ್ಲದು. ಗೆಳೆಯರ ಮದುವೆಗೋ ಸಮಾಧಿ ಸಂಸ್ಕಾರಕ್ಕೋ ಹೋಗಬಹುದು. ಅವರೊಡನೆ ಕೀರ್ತನೆ ಹಾಡಬಹುದು, ಪ್ರಾರ್ಥಿಸಬಹುದು. ಆದರೆ ಅದರಿಂದ ಭಾನುವಾರದ ಪೂಜೆಯ ಕರ್ತವ್ಯ ತೀರುವುದಿಲ್ಲವೆಂದು 1993ರ ಕ್ರೈಸ್ತೈಕ್ಯ ನಿರ್ದೇಶಿಕೆ ಸ್ಪಷ್ಟಪಡಿಸಿದೆ. ಕಥೋಲಿಕ ಪೂಜೆಗೆ ಹೋಗಲು ನಿಜವಾಗಿಯೂ ಸಾಧ್ಯವಿಲ್ಲದಾಗ ಮನೆಯವರೆಲ್ಲ ಕೂಡಿ ಪ್ರಾರ್ಥಿಸಿ ಎನ್ನುತ್ತದೆ ಧರ್ಮಸಭೆಯ ಕಾನೂನು.

ನಮಗೇನು ಪಾಠ?

ಬಲಿಪೂಜೆಯಲ್ಲಿ ಜನರು ಪೂರ್ಣವಾಗಿ, ಅರಿತು, ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಮಹಾಸಭೆ 1963ರಲ್ಲೇ ನಮಗೆ ಹೇಳಿತು. ಆದರೂ ಸಾವಿರ ಜನರ ಧರ್ಮಕೇಂದ್ರದಲ್ಲಿ "ಯಾರೋ ಮಾಡುತ್ತಾರೆ ಬಿಡಿ" ಎನ್ನುವುದು ಸುಲಭ. ಪಕ್ಕದ ಬೆಂಚಿನವರ ಹೆಸರು ತಿಳಿಯದೆ ವರ್ಷಗಳೇ ಕಳೆದುಹೋಗುತ್ತವೆ. ನಮ್ಮಲ್ಲಿ ಸಂಸ್ಕಾರಗಳ ಸಂಪತ್ತಿದೆ, ವಿಶ್ವವ್ಯಾಪಿ ಐಕ್ಯವಿದೆ. ಅಂಥ ಸಂಪತ್ತಿನ ಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ತಿಳಿಯದಿದ್ದರೆ ಸಂತ ಪೌಲರು ಹೇಳುವ ಒಂದೇ ದೇಹದ ಅಂಗಗಳು ನಾವಾಗುವುದೆಂತು? ನಮ್ಮ ಧರ್ಮಕೇಂದ್ರ ದೊಡ್ಡದಿರಲಿ, ಗುರುಗಳು ತಿಂಗಳಿಗೊಮ್ಮೆ ಬರುವ ಉಪಕೇಂದ್ರವಿರಲಿ, ಅದು ಗುರುಗಳದ್ದಲ್ಲ, ಒಂದೆರಡು ಮನೆತನಗಳದ್ದೂ ಅಲ್ಲ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಅಲ್ಲಿ ಸ್ಥಾನವಿದೆ. ಸ್ಥಾನವಿದ್ದಲ್ಲಿ ಕೆಲಸವೂ ಇದೆ.

ಕುಟುಂಬದಲ್ಲಿ ಚರ್ಚಿಸಲು

1. ಭಾನುವಾರ ನಮ್ಮ ಹಿಂದೆ ಮುಂದೆ ಕೂರುವ ಎಷ್ಟು ಜನರ ಹೆಸರು ನಮಗೆ ಗೊತ್ತು?

2. ನಾಳೆಯಿಂದ ನಮ್ಮ ಕುಟುಂಬ ಪೂಜೆಗೆ ಬಾರದಿದ್ದರೆ ಧರ್ಮಕೇಂದ್ರದ ಯಾವ ಕೆಲಸ ನಿಲ್ಲುತ್ತದೆ?

3. ನಮ್ಮ ಊರಿನ ಸಿ.ಎಸ್.ಐ. ನೆರೆಯವರೊಡನೆ ಕೂಡಿ ಪ್ರಾರ್ಥಿಸುವ ಅಥವಾ ಸೇವೆ ಮಾಡುವ ಅವಕಾಶ ಯಾವುದಿದೆ?

4. ಈ ವಾರ ಪೂಜೆಗೆ ಬರಲಾಗದ ರೋಗಿ ಅಥವಾ ವೃದ್ಧರ ಮನೆಗೆ ನಮ್ಮಲ್ಲಿ ಯಾರು ಹೋಗುತ್ತೀರಿ?