ಪಾವಗಡದ ಬಿಸಿಲು, ಪಾವಗಡದ ಹೊಲ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಮೊದಲು ಅಂಕಿ-ಅಂಶ
ಪಾವಗಡ ಸೌರ ಪಾರ್ಕ್‌ನ ಇನ್ನೊಂದು ಹೆಸರು ‘ಶಕ್ತಿ ಸ್ಥಳ’. ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕು, ನಾಗಲಮಡಿಕೆ ಹೋಬಳಿ. ಸಾಮರ್ಥ್ಯ 2,050 ಮೆಗಾವಾಟ್, ಭೂಮಿ ಸುಮಾರು 13,000 ಎಕರೆ. ಗ್ರಾಮಗಳು ಐದು: ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು. ಉದ್ಘಾಟನೆ 2018ರ ಮಾರ್ಚ್ 1. ಪೂರ್ಣಗೊಂಡದ್ದು 2019ರ ಡಿಸೆಂಬರ್‌ನಲ್ಲಿ. ಅಭಿವೃದ್ಧಿಪಡಿಸಿದ್ದು 2015ರಲ್ಲಿ ಹುಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ. ಇದು ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ (ಕ್ರೆಡಲ್) ಮತ್ತು ಭಾರತೀಯ ಸೌರಶಕ್ತಿ ನಿಗಮಗಳ ಜಂಟಿ ಸಂಸ್ಥೆ.

ಒಂದು ಮೆಗಾವಾಟ್‌ಗೆ 4ರಿಂದ 5 ಎಕರೆ ಎಂಬ ಲೆಕ್ಕ ಪುಸ್ತಕಗಳಲ್ಲಿದೆ. ಪಾವಗಡದ ಒಟ್ಟು ವಿಸ್ತೀರ್ಣವನ್ನು ಭಾಗಿಸಿ ನೋಡಿದರೆ 6 ಎಕರೆ ದಾಟುತ್ತದೆ. ರಸ್ತೆ, ಉಪಕೇಂದ್ರ, ಫಲಕಗಳ ಸಾಲುಗಳ ನಡುವಿನ ಜಾಗ ಎಲ್ಲವೂ ಅದರಲ್ಲೇ ಬರುತ್ತವೆ.

ಎಲ್ಲರೂ ತಪ್ಪುವ ಜಾಗ
ಉತ್ತರ ಪತ್ರಿಕೆಗಳಲ್ಲಿ ‘ಭೂಸ್ವಾಧೀನ’ ಎಂದು ಬರೆಯುವವರೇ ಹೆಚ್ಚು. ಪಾವಗಡದಲ್ಲಿ ಸ್ವಾಧೀನ ನಡೆದೇ ಇಲ್ಲ, ಆದದ್ದು ಗುತ್ತಿಗೆ. ಅವಧಿ 28 ವರ್ಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ, ಕೊಳವೆ ಬಾವಿ ಕೊರೆಸಿ ಕೈಸುಟ್ಟುಕೊಂಡಿದ್ದ ಖುಷ್ಕಿ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಬೆಳೆ ಕೈಕೊಟ್ಟ ವರ್ಷವೂ ಬಾಡಿಗೆ ಬರುತ್ತದೆ.

ಆದರೂ ಒಂದು ಲೆಕ್ಕ ಹಾಕಿ. ಎರಡು ಎಕರೆ ಕೊಟ್ಟ ಕುಟುಂಬಕ್ಕೆ ಮೊದಲ ವರ್ಷ ತಿಂಗಳಿಗೆ 3,500 ರೂಪಾಯಿ. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಶೇ 2.5ರಷ್ಟು ಏರಿಕೆ, ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿಯೇ ಶೇ 4. ಈ ದರದಲ್ಲಿ ಏರುತ್ತಾ ಹೋದರೆ 28ನೇ ವರ್ಷದಲ್ಲೂ ಎಕರೆಗೆ 40,000 ರೂಪಾಯಿ ಮುಟ್ಟುವುದಿಲ್ಲ. ಹತ್ತಾರು ಎಕರೆ ಇದ್ದವನಿಗೆ ಇದು ನೆಮ್ಮದಿಯ ಆದಾಯ, ಒಂದೆರಡು ಎಕರೆಯವನಿಗೆ ಮನೆ ದಿನಸಿಗೂ ಸಾಲದು.

ಭೂಮಿಯೇ ಇಲ್ಲದವರು
ಉತ್ತರದ ತೂಕ ಇರುವುದು ಇಲ್ಲಿ. ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಕೂಲಿ ಹೆಂಗಸರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕುಯಿಲಾದ ಮೇಲೆ ಎಲ್ಲರ ಕುರಿಯೂ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಪಾರ್ಕ್‌ನಲ್ಲಿ ಸಿಗುವ ಕೆಲಸ ಎಂದರೆ ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಕಾವಲು ಕಾಯುವುದು. ಅದೂ ಗುತ್ತಿಗೆದಾರರ ಕೈಕೆಳಗೆ, ಕೆಲವರಿಗೆ ಮಾತ್ರ.

2013ರ ಭೂಸ್ವಾಧೀನ ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಅದರ ಕಲಂ 3ರ ‘ಬಾಧಿತ ಕುಟುಂಬ’ದ ವ್ಯಾಖ್ಯೆಯಲ್ಲಿ ಮೂರು ವರ್ಷದಿಂದ ಆ ಪ್ರದೇಶವನ್ನೇ ನಂಬಿದ ಕೃಷಿ ಕಾರ್ಮಿಕರು, ಗೇಣಿದಾರರು, ಪಾಲಿಗೆ ಮಾಡುವವರು ಎಲ್ಲರೂ ಬರುತ್ತಾರೆ. ಕಲಂ 4 ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಬೇಡುತ್ತದೆ. ಕಲಂ 10 ಬಹುಬೆಳೆಯ ನೀರಾವರಿ ಭೂಮಿಯನ್ನು ಅಸಾಧಾರಣ ಸಂದರ್ಭ ಬಿಟ್ಟು ಮುಟ್ಟಬಾರದು ಎನ್ನುತ್ತದೆ. ಕಲಂ 104 ಸ್ವಾಧೀನದ ಬದಲು ಗುತ್ತಿಗೆಗೆ ಪಡೆಯುವ ಆಯ್ಕೆಯನ್ನು ಸರ್ಕಾರಕ್ಕೆ ಕೊಡುತ್ತದೆ. ಗುತ್ತಿಗೆಯ ದಾರಿ ಹಿಡಿದಾಗ ರೈತನ ಭೂಮಿ ಉಳಿಯುತ್ತದೆ ನಿಜ, ಆದರೆ ಸ್ವಾಧೀನಕ್ಕೆಂದು ಬರೆದ ಆ ರಕ್ಷಣೆಗಳು ಭೂರಹಿತರವರೆಗೆ ತಲುಪುವುದೇ ಇಲ್ಲ. ಸೌರ ಫಲಕದ ಯೋಜನೆಗಳು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪೂರ್ವಾನುಮತಿಯಿಂದಲೂ ಹೊರಗಿವೆ. ಹಾಗಾಗಿ ಊರವರ ಅಹವಾಲು ಕೇಳುವ ಕಡ್ಡಾಯ ವೇದಿಕೆ ಒಂದೂ ಉಳಿಯಲಿಲ್ಲ. ನನ್ನ ಮಟ್ಟಿಗೆ ಪಾವಗಡದ ದೊಡ್ಡ ಕೊರತೆ ಇದೇ.

‘ಪಾಳು ಭೂಮಿ’ ಎಂಬ ಪದ
ಸೌರ ಯೋಜನೆಗೆ ಪಾಳು ಭೂಮಿಯನ್ನೇ ಬಳಸಿ ಎನ್ನುವುದು ಸುಲಭ, ಆದರೆ ದಾಖಲೆಯಲ್ಲಿ ಪಾಳು ಎಂದಿದ್ದದ್ದು ನೆಲದ ಮೇಲೆ ಗೋಮಾಳವೋ ಕುರಿಗಾಹಿಯ ದಾರಿಯೋ ಆಗಿರಬಹುದು. ರಾಜಸ್ಥಾನದ ‘ಓರಣ’ಗಳು, ಅಂದರೆ ದೇವರ ಹೆಸರಲ್ಲಿ ಬಿಟ್ಟ ಮೇವಿನ ಕಾಡುಗಳು, ಇದಕ್ಕೆ ಒಳ್ಳೆಯ ಉದಾಹರಣೆ. ಅದೇ ಸೀಮೆಯ ಹೆಬ್ಬಕ ಪಕ್ಷಿಗೆ ವಿದ್ಯುತ್ ತಂತಿಯಿಂದ ಅಪಾಯವೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತ್ತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿದ್ದು ಇದೇ ತೀರ್ಪು.

ಗುರಿಗಳು, ಒಂದೇ ಉಸಿರಿನಲ್ಲಿ
2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ; 2070ಕ್ಕೆ ನಿವ್ವಳ ಶೂನ್ಯ. ಎರಡೂ 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತ ಮಾಡಿದ ಘೋಷಣೆಗಳು.

ಹೊಲ ಕಳೆಯದ ದಾರಿಗಳು
– ಪಿಎಂ ಕುಸುಮ್, 2019: ‘ಎ’ ಘಟಕದಲ್ಲಿ ಉಪಕೇಂದ್ರದ ಸಮೀಪ 2 ಮೆಗಾವಾಟ್‌ವರೆಗಿನ ಸಣ್ಣ ಸ್ಥಾವರ, ರೈತ, ಪಂಚಾಯಿತಿ ಮುಂತಾದವರ ಒಡೆತನ, ಬೀಳು ಭೂಮಿಗೆ ಆದ್ಯತೆ, ಸಾಗುವಳಿ ಭೂಮಿಯಾದರೆ ಫಲಕ ಎತ್ತರದ ಕಂಬದ ಮೇಲೆ. ‘ಬಿ’ ಬಿಡಿ ಸೌರ ಪಂಪ್, ‘ಸಿ’ ಈಗಿರುವ ಪಂಪ್‌ಸೆಟ್‌ಗಳಿಗೆ ಸೌರ ವಿದ್ಯುತ್.
– ಪಿಎಂ ಸೂರ್ಯಘರ್, 2024: 1 ಕೋಟಿ ಮನೆಗಳ ಚಾವಣಿ, ಮೊತ್ತ 75,021 ಕೋಟಿ ರೂಪಾಯಿ. ಇದಕ್ಕೆ ಒಂದು ಗುಂಟೆ ನೆಲವೂ ಬೇಡ.
– ಫಲಕದ ಕೆಳಗೇ ಬೆಳೆ: 1981ರಲ್ಲಿ ಜರ್ಮನಿಯ ವಿಜ್ಞಾನಿಗಳು ಮುಂದಿಟ್ಟ ಆಲೋಚನೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಲ್ಲಿ 105 ಕಿಲೋವಾಟ್‌ನ ಘಟಕವಿದೆ. ಎತ್ತರದ ಚೌಕಟ್ಟಿಗೆ ಖರ್ಚು ಜಾಸ್ತಿ ಎಂಬುದನ್ನೂ ಬರೆಯಿರಿ, ಬರೀ ಹೊಗಳಬೇಡಿ.

ಬರೆದು ನೋಡಿ
‘ಸೌರ ಪಾರ್ಕ್‌ಗೆ ಭೂಮಿ ಗುತ್ತಿಗೆ ಪಡೆಯುವುದು ಸ್ವಾಧೀನಕ್ಕಿಂತ ನ್ಯಾಯಯುತವೇ? ಪಾವಗಡದ ಹಿನ್ನೆಲೆಯಲ್ಲಿ ಚರ್ಚಿಸಿ.’ ಮಿತಿ 200 ಪದ. ಕಲಂ 3 ಮತ್ತು ಕಲಂ 104 ಎರಡೂ ಉತ್ತರದಲ್ಲಿರಲಿ, ಜೊತೆಗೆ ಕೂಲಿಯವರ ಪಾಲೇನು ಎಂಬುದಕ್ಕೆ ಒಂದು ಪ್ಯಾರಾ ಮೀಸಲಿಡಿ.