ಕೀಲಿಪದಗಳ ಆಯ್ಕೆ

ಗೂಗಲ್ ಮೊದಲಾದ ಶೋಧಯಂತ್ರಗಳಲ್ಲಿ ಏನನ್ನಾದರೂ ಹುಡುಕುವಾಗ ನಾವು ಒಂದೆರಡು ಪದಗಳನ್ನು ಬರೆದು ಕೊಡುತ್ತೇವಷ್ಟೆ. ಇವುಗಳಿಗೆ ಕೀಲಿಪದಗಳೆಂದು ಹೆಸರು. ಜಾಲಪುಟವನ್ನು ಬರೆಯುವಾತನು ಈ ಪದಗಳನ್ನು ಮುಂಚಿತವಾಗಿಯೇ ಊಹಿಸಿ ತನ್ನ ಬರಹದಲ್ಲಿ ಬಳಸಬೇಕಾಗುತ್ತದೆ. ಅವನ ಪದಕ್ಕೂ ಹುಡುಕುವವನ ಪದಕ್ಕೂ ಹೊಂದಿಕೆಯಿಲ್ಲದಿದ್ದಲ್ಲಿ, ಬರಹವು ಎಷ್ಟೇ ಉತ್ತಮವಾದುದಾದರೂ ಬೇಕಾದವರ ಕೈಸೇರುವುದು ಕಷ್ಟ.

ಕನ್ನಡದಲ್ಲಿ ಈ ತೊಡಕು ಎಂತಹುದೆಂಬುದನ್ನು ಒಂದು ಈರುಳ್ಳಿಯಿಂದಲೇ ತಿಳಿಯಬಹುದು. ಮೈಸೂರಿನ ಕಡೆ ಅದು ಈರುಳ್ಳಿ, ಧಾರವಾಡದ ಕಡೆ ಉಳ್ಳಾಗಡ್ಡಿ, ಕರಾವಳಿಯಲ್ಲಿ ನೀರುಳ್ಳಿ. ಗದಗಿನ ರೈತನೊಬ್ಬನ ಬೆಳೆಗೆ ರೋಗ ತಗುಲಿತೆಂದು ಇಟ್ಟುಕೊಳ್ಳೋಣ. ಅವನು ಫೋನಿನಲ್ಲಿ 'ಉಳ್ಳಾಗಡ್ಡಿ ಎಲೆ ಒಣಗತಾವ' ಎಂದು ಕೇಳಿಯಾನೇ ಹೊರತು 'ಈರುಳ್ಳಿ ಬೆಳೆಯಲ್ಲಿ ಸಮಗ್ರ ರೋಗ ನಿರ್ವಹಣೆ' ಎಂದು ಕೇಳಲಾರನು. ಪಂಡಿತರ ಲೇಖನಗಳಿಗೆ ಇಂಥ ತಲೆಬರಹವೇ ಪ್ರಿಯ! ಇಲ್ಲಿ ಬೇರೆಯಾದುದು ಬೆಳೆಯ ಹೆಸರೊಂದೇ ಅಲ್ಲವೆಂಬುದನ್ನು ಗಮನಿಸಬೇಕು. ರೈತನು ಕಂಡದ್ದು ಒಣಗಿದ ಎಲೆಯನ್ನು. ರೋಗದ ಹೆಸರು ಗೊತ್ತಿದ್ದರೆ ಅವನಿಗೆ ಹುಡುಕಾಟದ ಅರ್ಧ ಶ್ರಮ ಉಳಿಯುತ್ತಿತ್ತು. ಆದುದರಿಂದ ರೋಗದ ಹೆಸರಿನೊಡನೆ ಅದರ ಲಕ್ಷಣವನ್ನೂ ಆಡುಮಾತಿನಲ್ಲಿ ಹೇಳಿರಬೇಕು.

ಶೋಧಯಂತ್ರಗಳಿಗೆ ಸಮಾನಾರ್ಥಕ ಪದಗಳು ತಿಳಿಯವೇ ಎಂದು ಕೆಲವರು ಕೇಳಬಹುದು. ತಕ್ಕಮಟ್ಟಿಗೆ ತಿಳಿಯುತ್ತವೆ. 2019ರಲ್ಲಿ ಗೂಗಲ್ ಅಳವಡಿಸಿಕೊಂಡ 'ಬರ್ಟ್' ಎಂಬ ವಿಧಾನವು ಬಿಡಿಪದಗಳನ್ನಲ್ಲದೆ ಅವುಗಳ ಸಂಬಂಧವನ್ನೂ ನೋಡುತ್ತದೆ. ಆದರೂ ಪ್ರಾಂತೀಯ ಪದಗಳ ವಿಷಯದಲ್ಲಿ ಯಂತ್ರವನ್ನೇ ನಂಬಿ ಕೂರುವುದು ಜಾಣತನವಲ್ಲ.

ಹಾಗೆಂದು ಮೂರು ಹೆಸರುಗಳನ್ನೂ ಸಾಲುಸಾಲಿಗೆ ತುರುಕಬೇಕೆಂದಲ್ಲ. ಹಿಂದೆ ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರಗಳಲ್ಲಿಯೇ ಪದಗಳನ್ನು ಅಡಗಿಸಿಡುತ್ತಿದ್ದ ಚತುರರೂ ಇದ್ದರು. ಇಂದು ಅಂಥ ಪುಟಗಳನ್ನು ಗೂಗಲ್ ಹಿಂದಕ್ಕೆ ತಳ್ಳುತ್ತದೆ. ಪುಟದ ಒಳಸಂಕೇತದಲ್ಲಿ ಬರೆದಿಡುತ್ತಿದ್ದ ಕೀಲಿಪದಗಳ ಪಟ್ಟಿಯನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಅದು 2009ರಲ್ಲಿಯೇ ಸ್ಪಷ್ಟಪಡಿಸಿತು. ತಲೆಬರಹದಲ್ಲಿ ಒಂದು ಹೆಸರು, ಮೊದಲ ಪರಿಚ್ಛೇದದಲ್ಲಿ 'ಉತ್ತರ ಕರ್ನಾಟಕದವರು ಉಳ್ಳಾಗಡ್ಡಿ ಎನ್ನುವ' ಎಂಬಂತೆ ಇನ್ನೊಂದು, ಉಪಶೀರ್ಷಿಕೆಯಲ್ಲಿ ಮತ್ತೊಂದು: ಹೀಗೆ ಸಹಜವಾಗಿ ಬಂದರೆ ಸಾಕು. ಈರುಳ್ಳಿಯ, ಈರುಳ್ಳಿಗೆ ಮುಂತಾದ ವಿಭಕ್ತಿರೂಪಗಳು ಒಳ್ಳೆಯ ಗದ್ಯದಲ್ಲಿ ತಾವಾಗಿಯೇ ಬರುತ್ತವೆ.

ತೀರ ಸಾಮಾನ್ಯವಾದ ಪದದಿಂದಲೂ ಪ್ರಯೋಜನ ಕಡಿಮೆ. ಎಲ್ಲ ಬರಹಗಳಲ್ಲಿಯೂ ಇರುವ ಪದವು ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾರದೆಂಬುದನ್ನು ಇಂಗ್ಲೆಂಡಿನ ಕೇರನ್ ಸ್ಪಾರ್ಕ್ ಜೋನ್ಸ್ 1972ರಲ್ಲಿಯೇ ಗಣಿತದ ರೂಪದಲ್ಲಿ ನಿರೂಪಿಸಿದರು. 'ಬೆಳೆ', 'ರೋಗ' ಎಂಬಷ್ಟರಿಂದ ಕೆಲಸವಾಗದು.

ಊರುಗಳ ಹೆಸರಿನಲ್ಲಿಯೂ ಇದೇ ಎಚ್ಚರ ಬೇಕು. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು; ಹಳೆಯ ಹೆಸರಿನಲ್ಲಿ ಹುಡುಕುವವರು ಇನ್ನೂ ಇದ್ದಾರೆ. ಪುಟವು ಪ್ರಕಟವಾದ ಮೇಲೆ, ಜನರು ಯಾವ ಪದಗಳಿಂದ ಅದನ್ನು ತಲಪಿದರೆಂಬುದನ್ನು 'ಸರ್ಚ್ ಕನ್ಸೋಲ್' ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ನೋಡಬಹುದು. ನಾವು ಎಣಿಸದಿದ್ದ ಪದವೊಂದು ಅಲ್ಲಿ ಕಂಡುಬಂದರೆ ಬರಹವನ್ನು ತಿದ್ದುವಾಗ ಅದಕ್ಕೂ ಸ್ಥಳ ಕೊಡಬೇಕು.